ಗಡಿಯ ಮನೆಯ ಗಡಿಯಾರ

‘ಗಡಿ’ ಎಂಬ ಮಾತಿಗೂ ‘ಗಡಿಯಾರ’ ಎಂಬ ಮಾತಿಗೂ ಕಿವಿಗೆ ಕೇಳುವಷ್ಟು ನಂಟಿಲ್ಲ. ಗಡಿಯಾರದೊಳಗಿನ ‘ಗಡಿ’ ಎಲ್ಲೆಯಲ್ಲ. ಅದು ಸಂಸ್ಕೃತದ ‘ಘಟಿಕಾ’, ನಮ್ಮ ಆಡುಮಾತಿನ ‘ಗಳಿಗೆ’. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಗಳಿಗೆ. ಈಗಿನ ಲೆಕ್ಕದಲ್ಲಿ 24 ನಿಮಿಷ. ಅಂಥ 60 ಗಳಿಗೆ ಸೇರಿದರೆ ಒಂದು ದಿನ. ನಮ್ಮ ನೆರೆಯ ಮಲೆಯಾಳದ ‘ನಾಳಿಕ’ಯೂ ಅದೇ 24 ನಿಮಿಷದ್ದು. ಮಲೆಯಾಳದ ‘ಘಟಿಕಾರಂ’, ತೆಲುಗಿನ ‘ಗಡಿಯಾರಂ’, ಮರಾಠಿಯ ‘ಘಡ್ಯಾಳ’ ಎಲ್ಲವೂ ಒಂದೇ ಬಟ್ಟಲಿನ ಮಕ್ಕಳು. ಹೀಗೆ ಭಾಷೆಯ ಎಲ್ಲೆಗಳು ಎಲ್ಲಿಯೇ ಬೀಳಲಿ, ಹೊತ್ತನ್ನು ಅಳೆಯುವ ಮಾತು ಮಾತ್ರ ಎಲ್ಲೆ ದಾಟಿಯೇ ಬದುಕಿದೆ.

ಆದರೂ ಈ ಎರಡು ಮಾತುಗಳು ನನ್ನ ಮನಸ್ಸಿನಲ್ಲಿ ಒಂದಾಗಿ ಕುಳಿತದ್ದು ಜಹೀರಾಬಾದಿನ ಕಡೆಯ ಒಂದು ಹಳ್ಳಿಮನೆಯಲ್ಲಿ. ಆ ಮನೆಯ ಹಳೆಯ ಗಡಿಯಾರವೊಂದನ್ನು ದುರಸ್ತಿ ಮಾಡಲು ಕುಳಿತವನು ಕೊನೆಗೆ ಏನನ್ನು ಕಂಡುಕೊಂಡೆ ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನಮಗೂ ಅವರಿಗೂ ಒಂದೇ ದಿನ

ಕಾಸರಗೋಡಿನ ವಾಚಕರಿಗೆ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಹೆಸರು ಅಷ್ಟಾಗಿ ಪರಿಚಯವಿರಲಾರದು. ಆದರೆ ನಮ್ಮ ಮತ್ತು ಅವರ ಜಾತಕದಲ್ಲಿ ಒಂದು ತಾರೀಖು ಸಮಾನವಾಗಿದೆ: 1956ರ ನವೆಂಬರ್ 1. ಅಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ, ಅದೇ ಕಾಯಿದೆಯ ಬಲದಿಂದ, ಹೈದರಾಬಾದ್ ಸಂಸ್ಥಾನವಾಗಿದ್ದ ರಾಜ್ಯ ಮೂರು ಪಾಲಾಯಿತು. ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು, ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲ್ಕಲ್ ವೃತ್ತ ಇವಿಷ್ಟೂ ಆಂಧ್ರಪ್ರದೇಶದ ಪಾಲಾದವು. ಗುಲ್ಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳ ಉಳಿದ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಬಂತು. ಕಾಯಿದೆಯಲ್ಲಿ ‘ನಿರ್ಣಾ ವೃತ್ತವನ್ನು ಹೊರತುಪಡಿಸಿ’ ಎಂಬ ನಾಲ್ಕು ಮಾತಿನಿಂದ ಅಣ್ಣನ ಮನೆ ಒಂದು ರಾಜ್ಯದಲ್ಲಿ, ತಂಗಿಯ ಮನೆ ಇನ್ನೊಂದರಲ್ಲಿ ಆಗಿಹೋಯಿತು. ಇಂಥದು ನಮಗೆ ವಿವರಿಸಿ ಹೇಳಬೇಕಾದ ವಿಷಯವಲ್ಲ.

ಅಲ್ಲಿಂದ ಮುಂದೆ ಅವರ ವಿಳಾಸ ಮತ್ತೆ ಮತ್ತೆ ಬದಲಾಯಿತು. ಜಹೀರಾಬಾದು, ನಾರಾಯಣಖೇಡಗಳು ಮೆದಕ್ ಜಿಲ್ಲೆಗೆ ಸೇರಿದವು. ತಾಂಡೂರು ಹೈದರಾಬಾದ್ ಜಿಲ್ಲೆಯಲ್ಲಿದ್ದು, 1978ರಲ್ಲಿ ಆ ಜಿಲ್ಲೆ ಒಡೆದಾಗ ರಂಗಾರೆಡ್ಡಿ ಜಿಲ್ಲೆಯದಾಯಿತು. 2014ರ ಜೂನ್ 2ರಂದು ತೆಲಂಗಾಣ ರಾಜ್ಯ ಹುಟ್ಟಿತು. 2016ರಲ್ಲಿ ಜಿಲ್ಲೆಗಳು ಮತ್ತೆ ಒಡೆದು ಮೊದಲಿನೆರಡು ಸಂಗಾರೆಡ್ಡಿಗೂ ತಾಂಡೂರು ವಿಕಾರಾಬಾದಿಗೂ ಸೇರಿದವು. ಕುಳಿತ ಜಾಗದಿಂದ ಅಲುಗಾಡದ ಮನೆಯೊಂದು ಹೈದರಾಬಾದ್, ಆಂಧ್ರಪ್ರದೇಶ, ತೆಲಂಗಾಣ ಎಂಬ ಮೂರು ರಾಜ್ಯಗಳನ್ನು ಕಂಡಿತು. ನಾವಾದರೂ ಮದರಾಸು, ಕೇರಳ ಎಂಬ ಎರಡರಲ್ಲಿ ಮುಗಿಸಿದ್ದೇವೆ.

ಮೂರು ಊರು, ಮೂರು ಹೊತ್ತು

ಗಡಿಯಾರದ ಕಥೆಗೆ ಬರುವ ಮೊದಲು ಆ ಸೀಮೆಗೆ ‘ಟೈಮು’ ಹೇಗೆ ಬಂತೆಂಬುದನ್ನು ನೋಡೋಣ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುದಾರಿ 1874ರಲ್ಲಿ ತೆರೆಯಿತು. ತಾಂಡೂರು ಆ ದಾರಿಯ ಮೇಲಿನ ಊರು. ವಿಕಾರಾಬಾದಿನಿಂದ ಕವಲೊಡೆದು ಜಹೀರಾಬಾದಿನ ಮೂಲಕ ಬೀದರಿಗೆ ಹಳಿ ಬಿದ್ದುದು 1930ರ ದಶಕದ ಆರಂಭದ ವರ್ಷಗಳಲ್ಲಿ. ನಾರಾಯಣಖೇಡ ಈ ಎರಡು ಹಳಿಗಳಿಗೂ ದೂರವೇ ಉಳಿಯಿತು. ಹಾಗಾಗಿ ನೆರೆಹೊರೆಯ ಈ ಮೂರು ಊರುಗಳಲ್ಲಿ ಒಂದು ರೈಲಿನ ಗಂಟೆಗೆ ಮೊದಲೇ ಹೊಂದಿಕೊಂಡಿತು, ಇನ್ನೊಂದು ಅರುವತ್ತು ವರ್ಷ ತಡವಾಗಿ, ಮತ್ತೊಂದು ಬಸ್ಸು ಬರುವ ತನಕವೂ ನೆರಳು ನೋಡಿ, ಬಾಂಗಿನ ಕೂಗು ಕೇಳಿ ಹೊತ್ತು ತಿಳಿಯಿತು.

ರೈಲು ತಂದ ಹೊತ್ತಾದರೂ ಆ ಊರಿನದಲ್ಲ. ಆ ಕಾಲದಲ್ಲಿ ಭಾರತದ ರೈಲುಗಳು ಹೆಚ್ಚಾಗಿ ಮದರಾಸಿನ ವೇಧಶಾಲೆಯ ಸಮಯದಂತೆ ಓಡುತ್ತಿದ್ದವು. ಅದು ಗ್ರೀನಿಚ್ಚಿಗಿಂತ 5 ಗಂಟೆ 21 ನಿಮಿಷ ಮುಂದು. ತಾಂಡೂರು, ಜಹೀರಾಬಾದುಗಳಿರುವುದು ಸುಮಾರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಅಲ್ಲಿಯ ಸೂರ್ಯನ ಸಮಯ 5 ಗಂಟೆ 10 ನಿಮಿಷ ಮಾತ್ರ ಮುಂದು. ಅಂದರೆ ತಾಂಡೂರಿನ ನಿಲ್ದಾಣದ ಗಡಿಯಾರ ಊರ ಸೂರ್ಯನಿಗಿಂತ 11 ನಿಮಿಷ ಮೊದಲೇ ನಡೆಯುತ್ತಿತ್ತು. ಸೂರ್ಯನನ್ನು ನಂಬಿ ಹೊರಟವನಿಗೆ ಗಾಡಿ ತಪ್ಪುವುದು ಸಹಜವೇ. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ಸಮಯ ಬಂತು. ಅದು 5 ಗಂಟೆ 30 ನಿಮಿಷ ಮುಂದಿನದು. ಈಗ ಜಹೀರಾಬಾದಿನಲ್ಲಿ ಸರಾಸರಿ ಮಧ್ಯಾಹ್ನ 12 ಗಂಟೆ 20 ನಿಮಿಷಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆ. 75 ಡಿಗ್ರಿಯ ನಮ್ಮ ಕಾಸರಗೋಡಿನಲ್ಲಿ 12 ಗಂಟೆ 30 ನಿಮಿಷಕ್ಕೆ. ಗಡಿಯಾರ ಒಂದೇ ಆದರೂ ಅವರ ನೆರಳಿಗೂ ನಮ್ಮ ನೆರಳಿಗೂ ಹತ್ತು ನಿಮಿಷದ ಅಂತರವಿದೆ.

ಇಸವಿಯೂ ಬೇರೆಯೇ ಇತ್ತು. ನಿಜಾಮರ ರಾಜ್ಯದ ಕಾಗದಪತ್ರಗಳಲ್ಲಿ ನಡೆಯುತ್ತಿದ್ದುದು ಫಸಲೀ ಸನ. ಅದಕ್ಕೆ ಸುಮಾರು 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಈ ಲೆಕ್ಕ ಮುಂದೆ ನಮಗೆ ಉಪಯೋಗಕ್ಕೆ ಬರಲಿದೆ.

ಗಾಜಿನ ಗುಮ್ಮಟದ ಕೆಳಗೆ

ಬ್ಯಾಂಕಿನ ನೌಕರಿಯಲ್ಲಿ ನಾನು ಕೆಲವು ವರ್ಷ ಬೀದರಿನಲ್ಲಿದ್ದೆ. ಆಗ ಪರಿಚಯವಾದ ಜಹೀರಾಬಾದ್ ಕಡೆಯ ಹಿರಿಯರೊಬ್ಬರನ್ನು ಊರವರಂತೆ ನಾನೂ ‘ಕಾಕಾ’ ಎಂದೇ ಕರೆಯುತ್ತಿದ್ದೆ. ನಿವೃತ್ತನಾದ ಮೇಲೆ ಒಮ್ಮೆ ಅವರ ಮನೆಗೆ ಹೋದೆ. ನನಗೆ ಹಳೆಯ ಗಡಿಯಾರ ಬಿಚ್ಚಿ ಜೋಡಿಸುವ ಚಟವಿದೆಯೆಂದು ಅವರಿಗೆ ಗೊತ್ತಿತ್ತು. ಊಟವಾದ ಮೇಲೆ ಕಬ್ಬಿಣದ ಕಪಾಟಿನ ನೆತ್ತಿಯಿಂದ ಬಟ್ಟೆ ಸುತ್ತಿದ ಒಂದು ವಸ್ತುವನ್ನು ಇಳಿಸಿ ತಂದು ಮುಂದಿಟ್ಟರು.

“ಇದು ನಮ್ಮಪ್ಪ ಹೈದರಾಬಾದಿನ ಜುಮ್ಮೆರಾತ್ ಬಾಜಾರದಾಗ ಕೊಂಡು ತಂದಿದ್ದು ನೋಡ್ರಿ ಸಾಹೇಬ್ರ. ಅಪ್ಪ ತೀರಿಕೊಂಡ ಮ್ಯಾಲ ಸೆಲ್ ನಾನೇ ಬದಲ ಮಾಡ್ದೆ. ಅವತ್ತಿಂದ ನಿಂತದ. ಅಪ್ಪನ ಕೂಡ ಅದರ ಜೀವಾನೂ ಹೋಯ್ತಂತ ಮನ್ಯಾಗ ಎಲ್ಲಾರೂ ಅಂತಾರ.”

ಹೀಗೆಂದಾಗ ಅವರು ನಕ್ಕರು. ಆದರೆ ನಾಲ್ಕು ದಶಕಗಳಿಂದ ಆ ಮಾತು ಅವರನ್ನು ಚುಚ್ಚುತ್ತಿತ್ತೆಂದು ತಿಳಿಯಲು ಕಷ್ಟವಾಗಲಿಲ್ಲ.

ಬಟ್ಟೆ ಬಿಚ್ಚಿದರೆ ಗಾಜಿನ ಗುಮ್ಮಟ, ಅದರೊಳಗೆ ಹಿತ್ತಾಳೆಯ ಕಂಬ, ಕಂಬದ ಮುಂದೆ ಮುಖಫಲಕ, ಕೆಳಗೆ ಲೋಲಕ. ಲೋಲಕದ ತುದಿಯಲ್ಲಿ ಸಾಮಾನ್ಯವಾಗಿರುವ ಹಿತ್ತಾಳೆಯ ಬಿಲ್ಲೆಯಿಲ್ಲ. ಅದರ ಬದಲು ತಂತಿ ಸುತ್ತಿದ ಟೊಳ್ಳು ಸುರುಳಿ. ಆ ಸುರುಳಿಯ ನಡುವೆ ತೂರಿಹೋಗುವಂತೆ ಬಿಲ್ಲಿನ ಹಾಗೆ ಬಾಗಿದ ಒಂದು ಕಡ್ಡಿ. ಕೀಲಿ ಕೊಡುವ ತೂತು ಎಲ್ಲೂ ಇಲ್ಲ. ಇದು ಫ್ರಾನ್ಸಿನ ‘ಬುಲ್’ ಗಡಿಯಾರ. ಜಹೀರಾಬಾದಿನ ಪೇಟೆಯಲ್ಲಿ ಒಬ್ಬ ಕುಶಲಿಗರು ಇದನ್ನು ನೋಡಿ ‘ಸೂಜಿಗಲ್ಲು ಸತ್ತಿದೆ, ಒಳಗಿನದನ್ನೆಲ್ಲ ತೆಗೆದು ಕ್ವಾರ್ಟ್ಸ್ ಮಶೀನು ಕೂಡಿಸಿಕೊಡುತ್ತೇನೆ’ ಎಂದಿದ್ದರಂತೆ. ಕಾಕಾ ಒಪ್ಪದೆ ಹೊತ್ತು ತಂದಿದ್ದರು.

ಸೆಲ್ಲು ಲೋಲಕವನ್ನು ಸೇರಿದ ಬಗೆ

ಲೋಲಕ, ಅಂದರೆ ಪೆಂಡ್ಯುಲಂ, ಒಂದು ಸಲ ತೂಗಲು ಎಷ್ಟು ಹೊತ್ತು ಬೇಕೆಂಬುದು ಮುಖ್ಯವಾಗಿ ಅದರ ಉದ್ದವನ್ನು ಹೊಂದಿಕೊಂಡಿದೆ. ಇದನ್ನು ಇಟಲಿಯ ಗೆಲಿಲಿಯೋ ಗಮನಿಸಿದ. ಹಾಲೆಂಡಿನ ಹೈಗೆನ್ಸ್ 1656ರಲ್ಲಿ ಅದರಿಂದ ಗಡಿಯಾರ ಮಾಡಿಸಿದ. ಸುಮಾರು 99 ಸೆಂಟಿಮೀಟರ್ ಉದ್ದದ ಲೋಲಕ ಈ ಕಡೆಯಿಂದ ಆ ಕಡೆಗೆ ಹೋಗಲು ಒಂದು ಸೆಕೆಂಡು ಹಿಡಿಯುತ್ತದೆ. ಆದರೆ ಗಾಳಿಯ ತಡೆಗೆ, ತಿಕ್ಕಾಟಕ್ಕೆ ಅದು ಸೋಲುತ್ತ ಬರುತ್ತದೆ. ಅದನ್ನು ಸೋಲದಂತೆ ಆಗಾಗ ತಳ್ಳಬೇಕು. ಇನ್ನೂರು ವರ್ಷ ಆ ಕೆಲಸವನ್ನು ತೂಕದ ಗುಂಡು ಅಥವಾ ಸ್ಪ್ರಿಂಗು ಮಾಡಿತು. ವಾರಕ್ಕೊಮ್ಮೆ ಮನೆಯ ಯಜಮಾನ ಸ್ಟೂಲು ಹತ್ತಿ ಕೀಲಿ ಕೊಡುವುದು ನಮ್ಮಲ್ಲಿ ಅನೇಕರ ಬಾಲ್ಯದ ನೆನಪು.

ವಿದ್ಯುತ್ತಿನಿಂದ ಲೋಲಕವನ್ನು ತಳ್ಳಬಹುದೆಂದು ಮೊದಲು ಮಾಡಿ ತೋರಿಸಿದವರಲ್ಲಿ ಮುಖ್ಯನು ಅಲೆಕ್ಸಾಂಡರ್ ಬೇನ್. ಸ್ಕಾಟ್ಲೆಂಡಿನ ಉತ್ತರದ ತುದಿಯ ಬಡ ರೈತನ ಮಗ. ಗಡಿಯಾರದವರ ಬಳಿ ಕೆಲಸ ಕಲಿತವನು. 1840ರಲ್ಲಿ ಅವನು ತನ್ನ ಯೋಜನೆಯನ್ನು ಲಂಡನ್ನಿನ ಹೆಸರಾಂತ ವಿಜ್ಞಾನಿ ವೀಟ್‌ಸ್ಟನ್ನನಿಗೆ ತೋರಿಸಿದ. ಇದರಲ್ಲಿ ಮುಂದುವರಿದು ಪ್ರಯೋಜನವಿಲ್ಲವೆಂದ ಆ ದೊಡ್ಡ ಮನುಷ್ಯ ಕೆಲವೇ ತಿಂಗಳಲ್ಲಿ ವಿದ್ಯುತ್ ಗಡಿಯಾರವನ್ನು ತನ್ನದೆಂದು ರಾಯಲ್ ಸೊಸೈಟಿಯಲ್ಲಿ ಪ್ರದರ್ಶಿಸಿದ. ಆದರೆ 1841ರ ಜನವರಿಯಲ್ಲಿ ಪೇಟೆಂಟು ಸಿಕ್ಕಿದ್ದು ಬೇನನಿಗೇ. ಅವನ ಬ್ಯಾಟರಿಯೂ ವಿಚಿತ್ರ: ಸತುವಿನ ತಗಡನ್ನೂ ತಾಮ್ರದ ತಗಡನ್ನೂ ಹಸಿಮಣ್ಣಿನಲ್ಲಿ ಹೂತು, ಭೂಮಿಯಿಂದಲೇ ಕರೆಂಟು ತೆಗೆಯುತ್ತಿದ್ದ. ಲೋಲಕದ ತುದಿಗೆ ತಂತಿಯ ಸುರುಳಿ ಕಟ್ಟಿ, ಅದು ಸೂಜಿಗಲ್ಲಿನ ಬಳಿ ತೂಗುವಂತೆ ಮಾಡಿದ ಉಪಾಯವೂ ಅವನದೇ.

1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಸತು, ಇದ್ದಿಲು, ಮ್ಯಾಂಗನೀಸ್ ಡೈಆಕ್ಸೈಡು ಮತ್ತು ನವಸಾಗರದ ನೀರಿನಿಂದ ಗಾಜಿನ ಭರಣಿಯಲ್ಲಿ ವಿದ್ಯುತ್ ಕೋಶ ಮಾಡಿದ. ತಂತಿ ಕಚೇರಿಗಳನ್ನು ಬಹುಕಾಲ ನಡೆಸಿದ್ದು ಇಂಥ ಕೋಶಗಳೇ. 1886ರಲ್ಲಿ ಜರ್ಮನಿಯ ಗಾಸ್ನರ್ ನೀರಿನ ಬದಲು ಕಣಕದಂಥ ಮಿಶ್ರಣ ತುಂಬಿ ಒಣ ಸೆಲ್ಲು ಮಾಡಿದ. ನಮ್ಮ ಟಾರ್ಚಿನ ಸೆಲ್ಲು ಆ ವಂಶದ್ದು.

ಇವೆರಡನ್ನೂ ಮನೆಯ ಗಡಿಯಾರದಲ್ಲಿ ಚೊಕ್ಕವಾಗಿ ಕೂಡಿಸಿದವರಲ್ಲಿ ಮಾರಿಸ್ ಫಾವ್ರೆ-ಬುಲ್ ಒಬ್ಬರು. ಅವರ ಗಡಿಯಾರಗಳು 1920ರ ದಶಕದಿಂದ ಮೂರು ದಶಕಗಳಷ್ಟು ಕಾಲ ಮಾರಾಟವಾದವು. ಅದು ಕೆಲಸ ಮಾಡುವ ರೀತಿಯನ್ನು ತಿಳಿದರೆ ದುರಸ್ತಿ ಅರ್ಧ ಆದಂತೆ. ಬಾಗಿದ ಕಡ್ಡಿ ಒಂದು ಸೂಜಿಗಲ್ಲು. ಸಾಮಾನ್ಯ ಸೂಜಿಗಲ್ಲಿನ ಒಂದು ತುದಿ ಉತ್ತರ, ಇನ್ನೊಂದು ದಕ್ಷಿಣ. ಇದರಲ್ಲಿ ಎರಡು ತುದಿಗಳೂ ಒಂದೇ ಧ್ರುವ, ನಟ್ಟನಡುವೆ ಅದಕ್ಕೆ ವಿರುದ್ಧ ಧ್ರುವ. ಲೋಲಕ ಒಂದು ದಿಕ್ಕಿಗೆ ಹೋಗುವಾಗ ಅದರ ಮೇಲಿನ ಬೆಳ್ಳಿಯ ಮೊಳೆ ಒಂದು ಸಣ್ಣ ಕವೆಯನ್ನು ತಾಗಿ ಕರೆಂಟು ಹರಿಯುತ್ತದೆ. ಸುರುಳಿ ಆ ಕ್ಷಣಕ್ಕೆ ಸೂಜಿಗಲ್ಲಾಗಿ ಒಂದು ತಳ್ಳು ಪಡೆಯುತ್ತದೆ. ಹಿಂದೆ ಬರುವಾಗ ಕವೆಯ ಇನ್ನೊಂದು ಬದಿಗೆ ಕರೆಂಟು ಹರಿಯದಂತೆ ತಡೆಯಿದೆ, ಅಲ್ಲಿ ತಳ್ಳು ಇಲ್ಲ. ಅದೇ ಕವೆ ಒಂದು ಪೂರ್ಣ ತೂಗಾಟಕ್ಕೆ ಒಂದರಂತೆ ಚಕ್ರದ ಹಲ್ಲನ್ನು ಮುಂದೂಡುತ್ತದೆ. ಕೀಲಿ ಗಡಿಯಾರದಲ್ಲಿ ಚಕ್ರಗಳು ಲೋಲಕವನ್ನು ತಳ್ಳುತ್ತವೆ. ಇಲ್ಲಿ ಲೋಲಕವೇ ಚಕ್ರಗಳನ್ನು ಎಳೆಯುತ್ತದೆ.

ಮನೆಮನೆಗೆ ಕರೆಂಟಿಲ್ಲದಿದ್ದ ಕಾಲದಲ್ಲಿ, ಕೀಲಿ ಮರೆತರೂ ನಿಲ್ಲದ ಇಂಥ ಗಡಿಯಾರ ಒಂದು ಹಳ್ಳಿಮನೆಗೆ ಎಂಥ ಬೆರಗಾಗಿದ್ದಿರಬೇಕು!

ದೋಷ ಹುಡುಕಿದ ಕ್ರಮ

ದುರಸ್ತಿಯಲ್ಲಿ ಮೊದಲ ನಿಯಮ, ಸುಲಭದ್ದನ್ನು ಮೊದಲು ನೋಡುವುದು. ಬಿಚ್ಚುವ ಕೆಲಸ ಕೊನೆಗೆ.

ಕಂಬದೊಳಗೆ ಕೂರುವ ಮೂಲದ ಉದ್ದ ಸೆಲ್ಲು ಎಂದೋ ಸಿಗದಂತಾಗಿತ್ತು. ಕಾಕಾ ಅವರ ತಂದೆ ಅದರ ಬದಲು ಒಂದು ಸಣ್ಣ ಮರದ ಪೆಟ್ಟಿಗೆ ಮಾಡಿಸಿ ಟಾರ್ಚಿನ ದಪ್ಪ ಸೆಲ್ಲು ಇಟ್ಟು, ಬಟ್ಟೆ ಹೊದಿಕೆಯ ಎರಡು ತಂತಿಗಳನ್ನು ಗಡಿಯಾರಕ್ಕೆ ಎಳೆದಿದ್ದರು. ಪೆಟ್ಟಿಗೆ ತೆರೆದರೆ ಹಳೆಯ ಸೆಲ್ಲು ಸೋರಿ ತಗಡಿನ ಮೇಲೆಲ್ಲ ಬಿಳಿ ಹಸಿರು ಕಿಲುಬು. ಲಿಂಬೆರಸದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನೀರಿನ ಬಟ್ಟೆಯಿಂದ ತೊಳೆದು, ಪೂರ್ತಿ ಒಣಗಿಸಿದೆವು. ಹೊಸ ಸೆಲ್ಲು ತರಿಸಿ ಮೀಟರಿನಲ್ಲಿ ನೋಡಿದಾಗ ಒಂದೂವರೆ ವೋಲ್ಟು ಸರಿಯಾಗಿತ್ತು. ಹೆಚ್ಚು ಜೋರಾಗಲೆಂದು ಎರಡು ಸೆಲ್ಲು ಹಾಕುವವರಿದ್ದಾರೆ; ಅದು ತಪ್ಪು. ಬೆಳ್ಳಿಯ ಮೊಳೆಯಲ್ಲಿ ಕಿಡಿ ಹೆಚ್ಚಿ ಅದು ಸುಟ್ಟು ಕಪ್ಪಾಗುತ್ತದೆ.

ಎರಡನೆಯದು ಸುರುಳಿ. ಒಳಗೆ ಕೂದಲೆಳೆಯಂಥ ತಂತಿ. ಎಲ್ಲಾದರೂ ಕಡಿದಿದ್ದರೆ ಮನೆಯಲ್ಲಿ ಸರಿಪಡಿಸುವಂತಿಲ್ಲ. ಮೀಟರು 1,200 ಓಮಿನ ಆಸುಪಾಸು ತೋರಿಸಿತು. ಇಂಥ ಸುರುಳಿಗೆ ಅದು ಸರಿಯಾದ ಅಂಕೆ. ಒಂದೂವರೆ ವೋಲ್ಟಿಗೆ ಇದರಲ್ಲಿ ಹರಿಯುವುದು ಒಂದು ಮಿಲಿಯಾಂಪಿಯರಿಗೆ ತುಸು ಹೆಚ್ಚು, ಅದೂ ತೂಗಾಟದ ಒಂದು ಸಣ್ಣ ಭಾಗದಲ್ಲಿ ಮಾತ್ರ. ಟಾರ್ಚಿನ ಬಲ್ಬು ಇದರ ಇನ್ನೂರು ಪಟ್ಟಿಗಿಂತ ಹೆಚ್ಚು ತಿನ್ನುತ್ತದೆ. ಆದ್ದರಿಂದಲೇ ಒಂದು ಸೆಲ್ಲು ವರ್ಷಗಟ್ಟಲೆ ಬಾಳುತ್ತದೆ.

ಮೂರನೆಯದು ಸತ್ತಿದೆಯೆನ್ನಲಾದ ಸೂಜಿಗಲ್ಲು. ಕಾಕಾ ಅವರ ಮೊಮ್ಮಗಳು ಶಾಲೆಯ ಪೆಟ್ಟಿಗೆಯಿಂದ ದಿಕ್ಸೂಚಿ ತಂದುಕೊಟ್ಟಳು. ಅದನ್ನು ಬಾಗಿದ ಕಡ್ಡಿಯ ಉದ್ದಕ್ಕೆ ಸರಿಸಿದಂತೆ ಮುಳ್ಳು ನಡುವಿಗೆ ಬರುವಾಗ ಗಿರ್ರನೆ ತಿರುಗಿತು, ಇನ್ನೊಂದು ತುದಿಯಲ್ಲಿ ಮತ್ತೆ ತಿರುಗಿತು. ಮೂರು ಧ್ರುವಗಳೂ ಜೀವಂತವಾಗಿದ್ದವು. ಪೇಟೆಯ ಕುಶಲಿಗರು ಎರಡು ತುದಿಗಳಲ್ಲಿ ಒಂದೇ ಧ್ರುವ ಕಂಡು ಕೆಟ್ಟಿದೆಯೆಂದು ತಿಳಿದಿರಬೇಕು. ಅವರನ್ನು ದೂರುವಂತಿಲ್ಲ, ಜೀವಮಾನದಲ್ಲಿ ಒಮ್ಮೆ ಕೈಗೆ ಬರುವ ಯಂತ್ರವಿದು.

ನಾಲ್ಕನೆಯದು ಬೆಳ್ಳಿಯ ಮೊಳೆ ಮತ್ತು ಕವೆ. ಇವು ಕಪ್ಪಾಗಿದ್ದವು. ಉಪ್ಪುಕಾಗದದಿಂದ ಉಜ್ಜಿದರೆ ಬೆಳ್ಳಿಯೇ ಸವೆದುಹೋಗುತ್ತದೆ. ಸಾದಾ ಕಾಗದದ ಪಟ್ಟಿಯನ್ನು ನಡುವೆ ಹಿಡಿದು ನಾಲ್ಕೈದು ಸಲ ಎಳೆದರೆ ಸಾಕು. ಇಲ್ಲಿಗೆ ಎಣ್ಣೆ ತಾಗಿಸಲೇಬಾರದು. ಚಕ್ರಗಳ ಅಚ್ಚು ಕೂರುವ ತೂತುಗಳಿಗೆ ಮಾತ್ರ ಸೂಜಿಮೊನೆಯಷ್ಟು ಗಡಿಯಾರದ ಎಣ್ಣೆ. ಅಡುಗೆಯ ಎಣ್ಣೆ ಹಾಕಿ ಅಂಟಾಗಿಸಿದ ಗಡಿಯಾರಗಳನ್ನು ನಮ್ಮಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಇಷ್ಟೆಲ್ಲ ಆದ ಮೇಲೆ ಸೆಲ್ಲು ಜೋಡಿಸಿ ಲೋಲಕ ತೂಗಿಬಿಟ್ಟೆವು. ಮನೆಯವರೆಲ್ಲ ಸುತ್ತ ನೆರೆದಿದ್ದರು. ಲೋಲಕ ತೂಗಿತು, ತೂಗಿತು, ಸಣ್ಣದಾಯಿತು, ನಿಂತಿತು. ಕಾಕಾ ಏನೂ ಹೇಳಲಿಲ್ಲ.

ಆಗ ಸೆಲ್ಲನ್ನು ಕಿತ್ತು ಬರಿದೇ ತೂಗಿಬಿಟ್ಟು ಗಡಿಯಾರ ನೋಡಿದೆ. ಸೆಲ್ಲಿಲ್ಲದೆ ಅದು ಮೊದಲಿಗಿಂತ ಹೆಚ್ಚು ಹೊತ್ತು ತೂಗಿತು! ಅಂದರೆ ಸೆಲ್ಲು ಕೆಲಸ ಮಾಡುತ್ತಿದೆ, ಆದರೆ ತಳ್ಳುವ ಬದಲು ತಡೆಯುತ್ತಿದೆ. ಕರೆಂಟು ತಿರುಗುಮುರುಗಾಗಿ ಹರಿದರೆ ಸುರುಳಿಯ ಧ್ರುವಗಳೂ ತಿರುಗುತ್ತವೆ. ಮುಂದಕ್ಕೆ ದೂಡಬೇಕಾದ ಕೈ ಹಿಂದಕ್ಕೆ ಹಿಡಿಯುತ್ತದೆ. ದೋಷ ಯಂತ್ರದಲ್ಲಿರಲಿಲ್ಲ. ಎರಡು ತಂತಿಗಳು ಅದಲುಬದಲಾಗಿದ್ದವು, ಅಷ್ಟೇ.

ಪೆಟ್ಟಿಗೆಯ ತಳದ ಚೀಟಿ

ತಂತಿ ಬದಲಿಸಲೆಂದು ಮರದ ಪೆಟ್ಟಿಗೆಯನ್ನು ಕವುಚಿ ಹಾಕಿದಾಗ ತಳದಲ್ಲಿ ಅಂಟಿಸಿದ ಒಂದು ಕಾಗದ ಕಂಡಿತು. ಹೊಗೆ ಹಿಡಿದಂತೆ ಕಂದಾಗಿತ್ತು. ಮೇಲುಗಡೆ ಸಾಲಾಗಿ ಉರ್ದು ಅಂಕೆಗಳು. ಅವನ್ನು ಕಾಕಾ ಓದಿದರು. ಸೆಲ್ಲು ಬದಲಿಸಿದ ಸನಗಳು ಅವು, ಮೊದಲನೆಯದು 1352 ಫಸಲೀ. ಮೇಲೆ ಹೇಳಿದ ಲೆಕ್ಕ ಹಾಕಿದರೆ 1942–43, ಎರಡನೆಯ ಮಹಾಯುದ್ಧದ ನಡುವಣ ವರ್ಷ. ಅದರ ಕೆಳಗೆ ಕ್ರಿಸ್ತಶಕದ ಇಸವಿಗಳು, ಅವು ಕನ್ನಡ ಅಂಕೆಗಳಲ್ಲಿ. ಕೊನೆಯದು 1976. ನಡುವೆ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದಿತ್ತು, 1956ರಲ್ಲಿ ರಾಜ್ಯವೇ ಬದಲಾಗಿತ್ತು. ಆ ಮನುಷ್ಯ ಮಾತ್ರ ತಪ್ಪದೆ ಸೆಲ್ಲು ಬದಲಿಸಿ ಬರೆದಿಟ್ಟಿದ್ದರು.

ಎಲ್ಲಕ್ಕಿಂತ ಕೆಳಗೆ, ಐಗಳ ಮಠದಲ್ಲಿ ತಿದ್ದಿ ಕಲಿತಂಥ ದುಂಡು ಕನ್ನಡ ಅಕ್ಷರಗಳಲ್ಲಿ ಒಂದೇ ಸಾಲು ಸೂಚನೆ ಇತ್ತು. ಎರಡು ತಂತಿಗಳಲ್ಲಿ ಗಂಟು ಹಾಕಿದ್ದು ಸೆಲ್ಲಿನ ತಲೆಯ ಕಡೆಗೆ ಬರಬೇಕು, ಗಂಟಿಲ್ಲದ್ದು ತಳಕ್ಕೆ. ತಂತಿಯನ್ನು ತಡವಿ ನೋಡಿದೆ. ಒಂದರಲ್ಲಿ ನಿಜವಾಗಿಯೂ ಸಣ್ಣ ಗಂಟಿತ್ತು, ಅದು ತಳಕ್ಕೆ ಸೇರಿತ್ತು.

ಸಾಲನ್ನು ಗಟ್ಟಿಯಾಗಿ ಓದಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಚೀಟಿ ಅವತ್ತೂ ನೋಡಿದ್ದೆರೀ. ಅಪ್ಪ ಏನೋ ಲೆಕ್ಕ ಬರದಾನ ಅಂದ್ಕೊಂಡೆ. ನನಗ ಕನ್ನಡ ಓದಾಕ ಬರೂದಿಲ್ಲ” ಎಂದರು.

ಅವರು ಶಾಲೆಗೆ ಸೇರಿದ್ದು 1957ರಲ್ಲಿ, ತೆಲುಗು ಮಾಧ್ಯಮದಲ್ಲಿ. ಉರ್ದುವನ್ನು ಪೇಟೆಯಲ್ಲಿ ಕಲಿತರು. ಮನೆಯಲ್ಲಿ ಆಡುವುದು ಇಂದಿಗೂ ಶುದ್ಧ ಬೀದರಿನ ಕನ್ನಡ. ಅಡುಗೆಮನೆಯಲ್ಲಿ, ಹೊಲದಲ್ಲಿ, ಮದುವೆಯ ಹಾಡಿನಲ್ಲಿ ಕನ್ನಡವಿತ್ತು. ಕಾಗದದ ಮೇಲೆ ಮಾತ್ರ ಅವರ ಪಾಲಿಗೆ ಇರಲಿಲ್ಲ. ತಂದೆ ಮಗನಿಗೆಂದೇ ಬರೆದಿಟ್ಟ ಒಂದು ಸಾಲು ಮಗನ ಕಣ್ಣೆದುರಿಗಿದ್ದೂ ನಾಲ್ಕು ದಶಕ ಮಾತಾಡದೆ ಉಳಿಯಿತು.

ಗಂಟಿನ ತಂತಿಯನ್ನು ಸೆಲ್ಲಿನ ತಲೆಗೆ ಸೇರಿಸಿದೆವು. ಲೋಲಕವನ್ನು ಕಾಕಾ ಅವರೇ ತೂಗಿಬಿಡಲೆಂದು ಕೇಳಿಕೊಂಡೆ. ಮೊದಲು ಸಣ್ಣದಾದ ತೂಗಾಟ ಬರಬರುತ್ತ ಹಿಗ್ಗಿ ಒಂದು ಅಳತೆಗೆ ನಿಂತಿತು. ಚಕ್ರದ ಹಲ್ಲು ಒಂದೊಂದೇ ಜಾರುವ ಸದ್ದು ಕೇಳಿಸತೊಡಗಿತು. ಒಳಗಿನ ಕೋಣೆಯಿಂದ ಮನೆಯ ಹಿರಿಯ ಹೆಂಗಸು, ಕಾಕಾ ಅವರ ಅಕ್ಕ, ಬಾಗಿಲಿಗೆ ಬಂದು ನಿಂತು, “ಅಪ್ಪನ ಗಡಿಯಾರ ಏನೋ ತಮ್ಮಾ?” ಎಂದರು. ಸದ್ದಿನಿಂದಲೇ ಗುರುತು ಹಿಡಿದಿದ್ದರು.

ಮತ್ತೆ ನಿಲ್ಲದಂತೆ

ಒಂದು ಕೆಲಸ ಉಳಿದಿತ್ತು. ಗಡಿಯಾರವನ್ನು ಮತ್ತೆ ಕಬ್ಬಿಣದ ಕಪಾಟಿನ ಮೇಲೆ ಇಡಬಾರದೆಂದೆ. ಕಪಾಟಿನ ಬಾಗಿಲು ಹಾಕಿ ತೆಗೆದಾಗಲೆಲ್ಲ ಅದು ಅಲುಗುತ್ತದೆ. ಅಲುಗುವ ಆಧಾರ ಲೋಲಕದ ಬಲವನ್ನು ಕುಡಿಯುತ್ತದೆ. ಕಬ್ಬಿಣವೂ ಸೂಜಿಗಲ್ಲಿನ ಹತ್ತಿರ ಒಳ್ಳೆಯದಲ್ಲ. ಗೋಡೆಯ ಗೂಡಿನಲ್ಲಿ ಹಾಸಿದ ತಾಂಡೂರಿನ ಕಲ್ಲು ಸಿಕ್ಕಿತು. ಆ ಸೀಮೆಯ ಚಪ್ಪಡಿ ಸುಣ್ಣಗಲ್ಲು, ನೆಲಕ್ಕೂ ಮೆಟ್ಟಿಲಿಗೂ ದೇಶದೆಲ್ಲೆಡೆ ಹೋಗುತ್ತದೆ. ಅದರ ಮೇಲೆ ಮಟ್ಟ ನೋಡಿ ಇಟ್ಟೆವು. ಗಡಿಯಾರ ಮುಂದೆ ಹೋದರೆ ಗುಂಡನ್ನು ತುಸು ಇಳಿಸಬೇಕು, ಹಿಂದೆ ಬಿದ್ದರೆ ಏರಿಸಬೇಕು ಎಂದು ಮೊಮ್ಮಗಳಿಗೆ ತೋರಿಸಿಕೊಟ್ಟೆ. ಬೇಸಗೆಯಲ್ಲಿ ಲೋಹದ ಕಡ್ಡಿ ಹಿಗ್ಗಿ ಹಿಂದೆ ಬೀಳುವುದು ಸಹಜ. ಉಕ್ಕಿನ ಕಡ್ಡಿಯಾದರೆ 10 ಡಿಗ್ರಿ ಸೆಖೆ ಹೆಚ್ಚಿದಾಗ ದಿನಕ್ಕೆ ಸುಮಾರು 5 ಸೆಕೆಂಡು. ಅದು ದೋಷವಲ್ಲ.

ಇಂಥ ತಿಳುವಳಿಕೆಯ ಕಾಲ ಮುಗಿಯಿತೆನ್ನುವವರಿದ್ದಾರೆ. 1969ರಲ್ಲಿ ಜಪಾನಿನ ಸೈಕೋದವರು ಕ್ವಾರ್ಟ್ಸ್ ಕೈಗಡಿಯಾರ ತಂದ ಮೇಲೆ ಲೋಕವೇ ಬದಲಾಯಿತು. ಈಗ ಕಾಲ ಅಳೆಯುವುದು ಸೆಕೆಂಡಿಗೆ 32,768 ಸಲ ನಡುಗುವ ಒಂದು ಹರಳು. ಗುಜರಾತಿನ ಮೊರ್ಬಿಯಿಂದ ಬರುವ ಅಗ್ಗದ ಗೋಡೆ ಗಡಿಯಾರಗಳಲ್ಲಿಯೂ ಕೆಲವಕ್ಕೆ ಲೋಲಕ ತೂಗುತ್ತದೆ. ಆದರೆ ಅದು ಅಲಂಕಾರ; ಕಿತ್ತು ಹಾಕಿದರೂ ಮುಳ್ಳುಗಳು ಎಂದಿನಂತೆ ನಡೆಯುತ್ತವೆ. ಬೆಂಗಳೂರಿನ ಎಚ್.ಎಂ.ಟಿ. ಕೈಗಡಿಯಾರವೂ, ಹೈದರಾಬಾದಿನ ಆಲ್ವಿನ್ ಕೈಗಡಿಯಾರವೂ ಇಂದು ಹಳಬರ ಮಣಿಕಟ್ಟಿನ ನೆನಪುಗಳು. ಕೆಟ್ಟರೆ ಎಸೆದು ಹೊಸದು ತರುವುದೇ ಅಗ್ಗ. ಕ್ವಾರ್ಟ್ಸ್ ಮಶೀನು ಕೂಡಿಸಿದ್ದರೆ ಆ ಮನೆಯಲ್ಲೂ ಹೊತ್ತು ಸರಿಯಾಗಿಯೇ ತಿಳಿಯುತ್ತಿತ್ತು. ಆದರೆ ಆ ಪೆಟ್ಟಿಗೆ ಕಸಕ್ಕೆ ಹೋಗುತ್ತಿತ್ತು, ಅದರ ತಳದ ಚೀಟಿಯೂ ಹೋಗುತ್ತಿತ್ತು. ಗಡಿಯಾರವನ್ನು ತಾನೇ ಕೊಂದೆನೆಂಬ ಸಂಶಯ ಮಾತ್ರ ಕಾಕಾ ಅವರ ಬಳಿ ಉಳಿಯುತ್ತಿತ್ತು.

ಹೊರಡುವ ಮುನ್ನ ಕಾಕಾ ಒಂದು ಕೆಲಸ ಹೇಳಿದರು. ಅಪ್ಪನ ಸಾಲಿನ ಕೆಳಗೆ ಅದೇ ಮಾತನ್ನು ಮೊಮ್ಮಗಳು ತೆಲುಗಿನಲ್ಲಿ ಬರೆಯಲಿ ಎಂದರು. ಅವಳು ಬರೆದಳು. ಬರೆದು ಮುಗಿಸಿ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಹೋಲಿಸಿ ನೋಡಿ, ತೆಲುಗಿನ ಅಕ್ಷರಗಳಿಗೂ ಕನ್ನಡದವಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲವಲ್ಲ ಎಂದು ತಾನಾಗಿಯೇ ಒಂದೊಂದೇ ಕೂಡಿಸಿ ಮುತ್ತಜ್ಜನ ಸಾಲನ್ನು ಅರ್ಧಕ್ಕಿಂತ ಹೆಚ್ಚು ಓದಿಬಿಟ್ಟಳು. ಅವಳಿಗೆ ಹಿಡಿದದ್ದು ಹತ್ತು ನಿಮಿಷ. ಕಾಕಾ ಪಕ್ಕದಲ್ಲಿ ಕುಳಿತು ತಾವೂ ಬೆರಳಿಟ್ಟು ನೋಡುತ್ತಿದ್ದರು.

ನಮ್ಮ ಮನೆಗಳಲ್ಲಿಯೂ ಈಗ ಮಲೆಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿದ್ದಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಅನ್ನದ ದಾರಿ ಅವರವರದು. ಆದರೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ, ಜಾಗದ ಕಡತದಲ್ಲಿ, ಅಜ್ಜಿಯ ಔಷಧಿಯ ಪುಸ್ತಕದಲ್ಲಿ, ನಿಂತ ಗಡಿಯಾರದ ಬೆನ್ನಿನಲ್ಲಿ ಹಿರಿಯರು ನಮಗೆಂದು ಬರೆದಿಟ್ಟ ಸಾಲುಗಳಿವೆ. ರಜೆಯಲ್ಲಿ ಒಂದು ದಿನ ಅವನ್ನು ಇಳಿಸಿ, ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿ. ಅವರಿಗೆ ತಿಳಿಯದಿದ್ದರೆ ಕೆಳಗೆ ಮಲೆಯಾಳದಲ್ಲಿ ಬರೆದುಕೊಳ್ಳಲಿ. ಮೇಲಿನದನ್ನು ಮಾತ್ರ ಅಳಿಸದಿರಲಿ.

ಕಳೆದ ದೀಪಾವಳಿಗೆ ಕಾಕಾ ಅವರ ಫೋನು ಬಂದಿತ್ತು. ಗಡಿಯಾರ ದಿನಕ್ಕೆ ಒಂದು ನಿಮಿಷ ಮುಂದೆ ಹೋಗುತ್ತಿದೆಯಂತೆ. ಗುಂಡು ತುಸು ಇಳಿಸಿ ಎಂದೆ.